ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾನ್ ಬಸ್‌ನಲ್ಲಿ (ಹಲವು ಬೋರ್ಡ್‌ಗಳು ಎರಡು ತಂತಿಯ ಮೇಲೆ ಮಾತಾಡುವ ವ್ಯವಸ್ಥೆ) ಸಂದೇಶ ಹೋಗುತ್ತಿಲ್ಲ

ಪ್ರಶ್ನೆ: ಎರಡು ಬ್ಲೂ ಪಿಲ್ (ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್) ಬೋರ್ಡ್‌ಗಳಿಗೆ ತಲಾ ಒಂದು ಟಿಜೆಎ1050 ಟ್ರಾನ್ಸ್‌ಸೀವರ್ (ಬೋರ್ಡ್‌ನ ಸಿಗ್ನಲ್ಲನ್ನು ಬಸ್‌ನ ತಂತಿಗೆ ಇಳಿಸುವ ಚಿಪ್) ಜೋಡಿಸಿದ್ದೇನೆ. ವೇಗ 500 ಕೆಬಿಪಿಎಸ್. ಲೂಪ್‌ಬ್ಯಾಕ್ ಮೋಡ್‌ನಲ್ಲಿ (ಕಳಿಸಿದ್ದನ್ನು ಚಿಪ್ ತಾನೇ ಪಡೆಯುವ ಪರೀಕ್ಷೆ) ಎಲ್ಲ ಸರಿಯಾಗಿದೆ. ನಾರ್ಮಲ್ ಮೋಡ್‌ಗೆ ಬದಲಿಸಿದರೆ ಮೂರು ಸಂದೇಶ ಹಾಕಿದ ಮೇಲೆ ಕಳಿಸುವ ಫಂಕ್ಷನ್ ಎರರ್ ಕೊಡುತ್ತದೆ. ಎರಡನೇ ಬೋರ್ಡಿಗೆ ಏನೂ ಬರುವುದಿಲ್ಲ. ಕೋಡ್‌ನಲ್ಲಿ ಏನು ತಪ್ಪಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಕೋಡನ್ನು ಸದ್ಯಕ್ಕೆ ಮುಟ್ಟಬೇಡಿ. ಮೂರಕ್ಕೇ ನಿಂತಿತು ಎಂದಿರಲ್ಲ, ಅದೇ ದೊಡ್ಡ ಸುಳಿವು. ಈ ಚಿಪ್‌ನ ಕ್ಯಾನ್ ಕಂಟ್ರೋಲರ್‌ನಲ್ಲಿ ಕಳಿಸಲು ಇರುವುದು ಮೂರೇ ಮೇಲ್‌ಬಾಕ್ಸ್. ಒಂದು ಸಂದೇಶವೂ ಹೊರಗೆ ಹೋಗದೆ ಮೂರೂ ತುಂಬಿವೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಕ್ಯಾನ್‌ನಲ್ಲಿ ಕಳಿಸಿದವನೊಬ್ಬನೇ ಇದ್ದರೆ ಸಂದೇಶ ಮುಗಿಯುವುದಿಲ್ಲ. ಬಸ್‌ನ ಮೇಲಿರುವ ಇನ್ನೊಂದು ನೋಡ್ (ಬಸ್‌ಗೆ ಸೇರಿದ ಬೋರ್ಡ್) ಆಕ್ ಬಿಟ್‌ನ ಹೊತ್ತಿಗೆ ತಂತಿಯನ್ನು ಎಳೆದು 'ಸಿಕ್ಕಿತು' ಎನ್ನಬೇಕು. ಅದು ಬರದಿದ್ದರೆ ಅದೇ ಸಂದೇಶ ಮತ್ತೆ ಮತ್ತೆ ಹೋಗುತ್ತಲೇ ಇರುತ್ತದೆ. ಲೂಪ್‌ಬ್ಯಾಕ್‌ನಲ್ಲಿ ಚಿಪ್ ಆಕ್‌ಗೆ ಕಾಯುವುದಿಲ್ಲ, ಆರ್‌ಎಕ್ಸ್ (ಪಡೆಯುವ) ಪಿನ್ ಕಡೆ ನೋಡುವುದೂ ಇಲ್ಲ. ಹಾಗಾಗಿ ಅಲ್ಲಿ ಪಾಸಾಯಿತೆಂದರೆ ವೈರು, ಟ್ರಾನ್ಸ್‌ಸೀವರ್ ಸರಿಯಿವೆ ಎಂದೇನೂ ಅಲ್ಲ.

ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. ಎರಡೂ ಬೋರ್ಡ್‌ಗಳ ಕರೆಂಟ್ ತೆಗೆದು ಕ್ಯಾನ್-ಹೈ ಮತ್ತು ಕ್ಯಾನ್-ಲೋ ನಡುವೆ ಓಮ್ ಅಳೆಯಿರಿ. ಬಸ್‌ನ ಎರಡು ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇದ್ದರೆ ಮೀಟರ್ ಸುಮಾರು 60 ತೋರಿಸುತ್ತದೆ. 120 ಬಂದರೆ ಒಂದು ತುದಿ ಖಾಲಿ, 40 ಬಂದರೆ ಎಲ್ಲೋ ಮೂರನೆಯದೊಂದು ಸೇರಿಕೊಂಡಿದೆ. ಬಳಿಕ ಕರೆಂಟ್ ಕೊಟ್ಟು, ಯಾರೂ ಏನೂ ಕಳಿಸದಿರುವಾಗ ಎರಡೂ ತಂತಿಗಳ ವೋಲ್ಟೇಜನ್ನು ಗ್ರೌಂಡ್‌ಗೆ ಹೋಲಿಸಿ ನೋಡಿ. ಎರಡರಲ್ಲೂ ಸುಮಾರು 2.5 ವೋಲ್ಟ್ ಇರಬೇಕು. ಸೊನ್ನೆಯ ಹತ್ತಿರ ಇದ್ದರೆ ಟ್ರಾನ್ಸ್‌ಸೀವರ್‌ಗೆ ಕರೆಂಟೇ ಹೋಗುತ್ತಿಲ್ಲ. ಟಿಜೆಎ1050ಗೆ 4.75ರಿಂದ 5.25 ವೋಲ್ಟ್ ಬೇಕು, ಬ್ಲೂ ಪಿಲ್‌ನ 3.3 ವೋಲ್ಟ್ ಪಿನ್‌ನಿಂದ ಅದನ್ನು ನಡೆಸಲಾಗದು. ಅದರ 5 ವೋಲ್ಟ್ ಆರ್‌ಎಕ್ಸ್‌ಡಿ ಸಿಗ್ನಲ್ಲನ್ನು ನಿಮ್ಮ ಪಿಎ11 ಪಿನ್ ತಡೆದುಕೊಳ್ಳುತ್ತದೆ. ಇಎಸ್‌ಪಿ32 ತಡೆಯುವುದಿಲ್ಲ, ಅಲ್ಲಿ 3.3 ವೋಲ್ಟ್‌ನ ಎಸ್‌ಎನ್65ಎಚ್‌ವಿಡಿ230 ಹಾಕಿ.

ವೈರಿಂಗ್‌ನಲ್ಲಿ ಹೆಚ್ಚಿನವರು ಎಡವುವುದು ಯುಎಆರ್‌ಟಿ (ಸೀರಿಯಲ್ ಪೋರ್ಟ್) ಅಭ್ಯಾಸದಿಂದ. ಅಲ್ಲಿ ಟಿಎಕ್ಸ್–ಆರ್‌ಎಕ್ಸ್ ಅಡ್ಡ ಹಾಕುತ್ತೇವೆ, ಇಲ್ಲಿ ನೇರ: ಪಿಎ12 (ಟಿಎಕ್ಸ್) ಟಿಎಕ್ಸ್‌ಡಿಗೆ, ಪಿಎ11 (ಆರ್‌ಎಕ್ಸ್) ಆರ್‌ಎಕ್ಸ್‌ಡಿಗೆ. ಟಿಜೆಎ1050ಯ 8ನೇ ಪಿನ್ (ಎಸ್) ಗ್ರೌಂಡ್‌ಗೆ ಹೋಗಬೇಕು. ಅದರ ಮೇಲೆ ವೋಲ್ಟೇಜ್ ಇದ್ದರೆ ಚಿಪ್ ಬರೀ ಕೇಳುತ್ತದೆ, ಮಾತಾಡುವುದಿಲ್ಲ. ಎರಡೂ ಬೋರ್ಡ್‌ಗಳ ಗ್ರೌಂಡನ್ನೂ ಒಂದಕ್ಕೊಂದು ಸೇರಿಸಿ.

ಇಷ್ಟಾದ ಮೇಲೂ ಹೋಗದಿದ್ದರೆ ಊಹೆ ಬಿಟ್ಟು ಚಿಪ್‌ನ ಎರರ್ ಸ್ಥಿತಿ ತೋರಿಸುವ ಇಎಸ್‌ಆರ್ ರಿಜಿಸ್ಟರ್ ಓದಿ. ಕ್ಯಾನ್‌ನಲ್ಲಿ ನಮಗೆ ಬಹಳ ಇಷ್ಟವಾಗುವುದೇ ಇದು, ಏನು ಕೆಟ್ಟಿದೆ ಎಂದು ಚಿಪ್ ತಾನೇ ಹೇಳುತ್ತದೆ. 4ರಿಂದ 6ನೇ ಬಿಟ್‌ಗಳಲ್ಲಿ ಕೊನೆಯ ಎರರ್‌ನ ಸಂಖ್ಯೆ, 16ರಿಂದ 23ನೇ ಬಿಟ್‌ಗಳಲ್ಲಿ ಕಳಿಸುವ ಕಡೆಯ ಎರರ್ ಎಣಿಕೆ ಇರುತ್ತದೆ. ಸಂಖ್ಯೆ 3 ಇದ್ದು ಎಣಿಕೆ 128ಕ್ಕೆ ಬಂದು ನಿಂತಿದ್ದರೆ ಆಕ್ ಕೊಡುವವರು ಯಾರೂ ಇಲ್ಲ. ಬರೀ ಆಕ್ ಇಲ್ಲದ ಕಾರಣಕ್ಕೆ ನೋಡ್ ಬಸ್-ಆಫ್ ಆಗುವುದಿಲ್ಲ, ಅಂದರೆ ಬಸ್‌ನಿಂದ ಹೊರಬೀಳುವುದಿಲ್ಲ. ನಿಮ್ಮ ಲಕ್ಷಣ ನೋಡಿದರೆ ಇದೇ ಬರಬಹುದು. ಆಗ ಎರಡನೇ ಬೋರ್ಡ್ ಕಡೆ ತಿರುಗಿ: ಅದರಲ್ಲಿ ಕ್ಯಾನ್ ಸ್ಟಾರ್ಟ್ ಕರೆದಿದ್ದೀರಾ, ಅದು ಸೈಲೆಂಟ್ (ಬರೀ ಕೇಳುವ) ಮೋಡ್‌ನಲ್ಲಿ ಉಳಿದಿದೆಯೇ, ಹೈ–ಲೋ ತಂತಿಗಳು ಅದಲುಬದಲಾಗಿವೆಯೇ ನೋಡಿ. ಸಂಖ್ಯೆ 5 ಬಂದರೆ ನೀವು ಎಳೆದದ್ದು ನಿಮಗೇ ವಾಪಸ್ ಕಾಣುತ್ತಿಲ್ಲ, ಅಂದರೆ ಪಿಎ12ರಿಂದ ತಂತಿಯವರೆಗಿನ ದಾರಿ ಎಲ್ಲೋ ಕಡಿದಿದೆ. 1, 2, 6 ಬದಲಾಗುತ್ತಾ ಬಂದರೆ ಎರಡೂ ಕಡೆಯ ವೇಗ ಹೊಂದುತ್ತಿಲ್ಲ. ಸ್ಟಾರ್ಟ್ ಫಂಕ್ಷನ್ನೇ ಟೈಮ್‌ಔಟ್ ಆದರೆ ಆರ್‌ಎಕ್ಸ್ ಪಿನ್ ಸೊನ್ನೆ ವೋಲ್ಟ್‌ನಲ್ಲೇ ಸಿಕ್ಕಿಕೊಂಡಿದೆ. ಸಾಲಾಗಿ 11 ರಿಸೆಸಿವ್ (ಯಾರೂ ತಂತಿ ಎಳೆಯದ) ಬಿಟ್ ಕಾಣದೆ ಚಿಪ್ ಬಸ್‌ಗೆ ಇಳಿಯುವುದಿಲ್ಲ.

ವೇಗದ ಲೆಕ್ಕ ಹೀಗೆ: 8 ಮೆಗಾಹರ್ಟ್ಸ್ ಕ್ರಿಸ್ಟಲ್‌ನಿಂದ 72 ಮೆಗಾಹರ್ಟ್ಸ್, ಕ್ಯಾನ್ ನಡೆಸುವ ಎಪಿಬಿ1 ಕ್ಲಾಕ್‌ಗೆ 36. ಪ್ರಿಸ್ಕೇಲರ್ (ಕ್ಲಾಕನ್ನು ಭಾಗಿಸುವ ಅಂಕಿ) 4, ಬಿಟ್‌ನ ಎರಡು ಭಾಗಗಳಾದ ಬಿಎಸ್1 15, ಬಿಎಸ್2 2 ಇಟ್ಟರೆ ಆರಂಭದ ಒಂದನ್ನೂ ಸೇರಿಸಿ ಒಂದು ಬಿಟ್‌ಗೆ 18 ಕ್ವಾಂಟಾ (ಕಾಲದ ತುಣುಕು), ಸರಿಯಾಗಿ 500 ಕೆಬಿಪಿಎಸ್. ಕ್ರಿಸ್ಟಲ್ ಬಿಟ್ಟು ಒಳಗಿನ ಆಸಿಲೇಟರ್ ಬಳಸಿದರೆ ಎಪಿಬಿ1 ಹೆಚ್ಚೆಂದರೆ 32, ಅದೇ ಅಂಕಿಗಳಿಗೆ ವೇಗ 444ಕ್ಕೆ ಇಳಿಯುತ್ತದೆ. ನಿಮ್ಮ ಎರಡು ಬೋರ್ಡ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಮೂರನೆಯದನ್ನು ಸೇರಿಸಿದ ದಿನ ಎಲ್ಲ ಕೆಡುತ್ತದೆ. ಒಳಗಿನ ಆಸಿಲೇಟರ್ ಬಿಸಿಗೆ ಜಾರುವುದರಿಂದ ಕ್ಯಾನ್‌ಗೆ ಕ್ರಿಸ್ಟಲ್ಲೇ ಬೇಕು. ಇದೇ ಚಿಪ್‌ನಲ್ಲಿ ಯುಎಸ್‌ಬಿ ಮತ್ತು ಕ್ಯಾನ್‌ಗೆ 512 ಬೈಟ್‌ನ ಒಂದೇ ಮೆಮೊರಿ, ಎರಡನ್ನೂ ಒಟ್ಟಿಗೆ ನಡೆಸಲಾಗದು.

ಕೊನೆಯದಾಗಿ ಫಿಲ್ಟರ್, ಅಂದರೆ ಯಾವ ಐಡಿಯ ಸಂದೇಶ ಒಳಗೆ ಬರಬೇಕೆಂದು ಆಯುವ ಜರಡಿ. ಕಳಿಸುವ ಬೋರ್ಡ್‌ನಲ್ಲಿ ಎರರ್ ಇಲ್ಲ, ಆದರೂ ಪಡೆಯುವ ಬೋರ್ಡ್ ಖಾಲಿ ಎಂದಾದರೆ ಫಿಲ್ಟರನ್ನೇ ಅನುಮಾನಿಸಿ. ಫಿಲ್ಟರ್ ಇರಲಿ ಇಲ್ಲದಿರಲಿ ಆಕ್ ಹೋಗುತ್ತದೆ, ಆದರೆ ಒಂದು ಫಿಲ್ಟರನ್ನಾದರೂ ಆನ್ ಮಾಡದೆ ಸಂದೇಶ ಫಿಫೋಗೆ (ಬಂದ ಸಂದೇಶಗಳ ಸಾಲು) ಇಳಿಯುವುದಿಲ್ಲ. ಐಡಿ ಮತ್ತು ಮಾಸ್ಕ್ ಎರಡನ್ನೂ ಸೊನ್ನೆ ಮಾಡಿ ಫಿಫೋ 0ಗೆ ಬಿಟ್ಟರೆ ಎಲ್ಲವೂ ಒಳಗೆ ಬರುತ್ತದೆ.

ಪ್ರಶ್ನೆ: ಆರ್ಡುಯಿನೊ ಊನೊಗೆ ಎಂಸಿಪಿ2515 ಕ್ಯಾನ್ ಮಾಡ್ಯೂಲ್ ಹಾಕಿದ್ದೇನೆ. 'ಇನಿಟ್ ಓಕೆ' ಎಂದು ಬರುತ್ತದೆ, ಆದರೆ 500 ಕೆಬಿಪಿಎಸ್‌ನ ಯಂತ್ರದಿಂದ ಏನೂ ಸಿಗುತ್ತಿಲ್ಲ.
— ವರ್ಕ್‌ಶಾಪ್ ಮಾಲೀಕರು, ತುಮಕೂರು

ಉತ್ತರ: 'ಇನಿಟ್ ಓಕೆ' ಎಂದರೆ ಊನೊ ಮತ್ತು ಮಾಡ್ಯೂಲ್ ನಡುವಿನ ಎಸ್‌ಪಿಐ ವೈರುಗಳು ಸರಿಯಿವೆ ಎಂದಷ್ಟೇ. ಮಾಡ್ಯೂಲ್ ಮೇಲಿನ ಕ್ರಿಸ್ಟಲ್‌ನ ಲೋಹದ ಕವಚ ಓದಿ. 8.000 ಎಂದಿದ್ದು ಪ್ರೋಗ್ರಾಂನಲ್ಲಿ 16 ಮೆಗಾಹರ್ಟ್ಸ್ ಇದ್ದರೆ ನಿಜವಾದ ವೇಗ ಅರ್ಧ, 250 ಆಗುತ್ತದೆ. ಬಿಗಿನ್ ಕರೆಯಲ್ಲಿ 8 ಮೆಗಾಹರ್ಟ್ಸ್ ಎಂದು ಬದಲಿಸಿ. ಕೆಲವು ಲೈಬ್ರರಿಗಳಲ್ಲಿ ಬಿಗಿನ್ ಆದ ಮೇಲೂ ಚಿಪ್ ಲೂಪ್‌ಬ್ಯಾಕ್‌ನಲ್ಲೇ ಇರುತ್ತದೆ, ನಾರ್ಮಲ್ ಮೋಡ್‌ಗೆ ನೀವೇ ತರಬೇಕು.

ಪ್ರಶ್ನೆ: ಮೇಜಿನ ಮೇಲೆ ಓಡುವ ನನ್ನ ಬೋರ್ಡನ್ನು ಕಾರಿನ ಒಬಿಡಿ (ದೋಷ ಪರೀಕ್ಷೆಯ) ಸಾಕೆಟ್‌ಗೆ ಹಾಕಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪಗಳು ಹತ್ತುತ್ತವೆ. ಆರ್‌ಪಿಎಂ ಓದುವುದು ಹೇಗೆ?
— ಓದುಗರೊಬ್ಬರು, ಉಡುಪಿ

ಉತ್ತರ: ತಕ್ಷಣ ಕಿತ್ತಿಡಿ. ವೇಗ ತಪ್ಪಿದ ನೋಡ್ ನಾರ್ಮಲ್ ಮೋಡ್‌ನಲ್ಲಿದ್ದರೆ ಕಾರಿನ ಸಂದೇಶಗಳಿಗೆ ಎರರ್ ಫ್ರೇಮ್ (ತಪ್ಪಿದೆ ಎಂದು ಸಾರುವ ಸಿಗ್ನಲ್) ಎಸೆದು ಅವನ್ನು ಕೆಡಿಸುತ್ತದೆ. ಬ್ರೇಕ್, ಸ್ಟೀರಿಂಗ್‌ನ ಕಂಟ್ರೋಲರ್‌ಗಳೂ ಅದೇ ತಂತಿಯ ಮೇಲೆ ಇರಬಹುದು. ನಿಂತ ಕಾರಿನಲ್ಲಿ ಮಾತ್ರ ಪ್ರಯೋಗ ಮಾಡಿ. ಕಾರಿನಲ್ಲಿ ಎರಡೂ ತುದಿಯ ರೆಸಿಸ್ಟರ್ ಆಗಲೇ ಇರುವುದರಿಂದ ನಿಮ್ಮ ಬೋರ್ಡ್‌ನ 120 ಓಮ್ ತೆಗೆಯಿರಿ. ಸಾಕೆಟ್‌ನ 6ನೇ ಪಿನ್ ಹೈ, 14ನೆಯದು ಲೋ, 5ನೆಯದು ಗ್ರೌಂಡ್. ಮೊದಲು ಸೈಲೆಂಟ್ ಮೋಡ್‌ನಲ್ಲಿ 500, ಆಮೇಲೆ 250 ಕೆಬಿಪಿಎಸ್‌ನಲ್ಲಿ ಕೇಳಿ. ಗೇಟ್‌ವೇ (ಸಾಕೆಟ್ ಮತ್ತು ಒಳಗಿನ ಬಸ್ ನಡುವಿನ ಕಾವಲು) ಇರುವ ಕಾರುಗಳಲ್ಲಿ ನೀವು ಪ್ರಶ್ನೆ ಕಳಿಸುವವರೆಗೆ ಸಾಕೆಟ್ ಸುಮ್ಮನಿರಬಹುದು, ಅಲ್ಲಿ ಕಾರಿನ ಬಸ್‌ನ ವೇಗವನ್ನು ಮೊದಲೇ ತಿಳಿದಿರಬೇಕು. ವೇಗ ಖಚಿತವಾದ ಮೇಲೆ ನಾರ್ಮಲ್ ಮೋಡ್‌ಗೆ ಬಂದು ಹೆಕ್ಸ್ 7ಡಿಎಫ್ ಐಡಿಗೆ 02, 01, 0ಸಿ ಮತ್ತು ಐದು ಸೊನ್ನೆ, ಒಟ್ಟು 8 ಬೈಟ್ ಕಳಿಸಿ. ಎಂಜಿನ್ ಕಂಟ್ರೋಲರ್ ಸಾಮಾನ್ಯವಾಗಿ 7ಇ8ರಿಂದ 04, 41, 0ಸಿ ಮತ್ತು ಎರಡು ಬೈಟ್ ಕೊಡುತ್ತದೆ. ಮೊದಲ ಬೈಟನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಿ. ಹೆಕ್ಸ್‌ನಲ್ಲಿ 0ಬಿ, ಬಿ8 ಬಂದರೆ 3000ವನ್ನು 4ರಿಂದ ಭಾಗಿಸಿ 750 ಆರ್‌ಪಿಎಂ.