ಕೌಂಟ್ ಬಿದ್ದದ್ದು ನನ್ನ ತಪ್ಪಾ ಮೇಡಂ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 47 ವರ್ಷ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ಬಿಳಿ ರಕ್ತಕಣಗಳ ಕೌಂಟ್ ತುಂಬ ಇಳಿದಿದ್ದರಿಂದ ಮೂರನೇ ಕೀಮೋ ಒಂದು ವಾರ ಮುಂದಕ್ಕೆ ಹೋಗಿತ್ತು. ನಾಲ್ಕು ಮಡಿಕೆ ಮಾಡಿದ ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿಟ್ಟು ಕೇಳಿದರು: "ದಿನಾ ಅರ್ಧ ಗಂಟೆ ಧ್ಯಾನಕ್ಕೆ ಕೂರ್ತೀನಿ ಮೇಡಂ. ಮನಸ್ಸು ನಿಲ್ಲಲ್ಲ. ಅದಕ್ಕೇ ಕೌಂಟ್ ಬಿತ್ತು ಅಲ್ವಾ?"

ಧ್ಯಾನ ಮಾಡಿದರೆ ರೋಗನಿರೋಧಕ ಶಕ್ತಿ ಏರಿ ಗಡ್ಡೆ ಕರಗುತ್ತದೆ ಅಂತ ಮೈದುನ ವಿಡಿಯೋ ಕಳಿಸುತ್ತಿದ್ದರಂತೆ. ಮಾತಿನ ನಡುವೆ ಇನ್ನೊಂದು ಹೇಳಿದರು. ಹೋದ ವಾರ ರಾತ್ರಿ ಮೈ ಸುಡುತ್ತಿತ್ತು, ಬೆಳಗಿನವರೆಗೂ ಧ್ಯಾನಕ್ಕೆ ಕೂತಿದ್ದರಂತೆ, ಯಾರನ್ನೂ ಎಬ್ಬಿಸದೆ. ನನಗೆ ಎದೆ ಝಲ್ಲೆಂದಿತು.

ಮೊದಲು ಅದನ್ನೇ ಹಿಡಿದೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯಬಾರದು. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಕೌಂಟ್ ಕಡಿಮೆ ಇದ್ದಾಗ ಸೋಂಕು ಗಂಟೆಗಳಲ್ಲೇ ಜೀವಕ್ಕೆ ಅಪಾಯ ತರಬಹುದು. ಆ ರಾತ್ರಿಯ ಜ್ವರದ ವಿಷಯ ಅವರ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ.

ಆಮೇಲೆ ಕೌಂಟಿನ ಮಾತು. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ರಕ್ತ ತಯಾರಾಗುವ ಮೂಳೆಮಜ್ಜೆಗೂ ಏಟು ಬೀಳುತ್ತದೆ. ಸಾಮಾನ್ಯವಾಗಿ 7ರಿಂದ 14ನೇ ದಿನದ ಹೊತ್ತಿಗೆ ಕೌಂಟ್ ತಳ ಮುಟ್ಟಿ ಮತ್ತೆ ಏರುತ್ತದೆ. "ಇದು ಔಷಧಿಯ ಕೆಲಸ. ನಿಮ್ಮ ಮನಸ್ಸು ಓಡಿದ್ದಕ್ಕೆ ಬಿದ್ದದ್ದಲ್ಲ," ಎಂದೆ. ಅವರು ಸುಮ್ನೆ ಅತ್ತರು. ನಾನು ಅವಸರ ಮಾಡಲಿಲ್ಲ.

ಹಾಗಾದರೆ ಧ್ಯಾನ ದಂಡವೇ? ಖಂಡಿತ ಅಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಲಿಂಡಾ ಕಾರ್ಲ್‌ಸನ್ ತಂಡ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಆದವರಿಗೆ 8 ವಾರ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ) ಕಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಒತ್ತಡ ಇಳಿದಿತ್ತು, ನಿದ್ದೆ ಸುಧಾರಿಸಿತ್ತು. ರೋಗನಿರೋಧಕ ಕೋಶಗಳು ಹೊರಬಿಡುವ ಕೆಲವು ರಾಸಾಯನಿಕಗಳಲ್ಲಿ ವ್ಯತ್ಯಾಸ ಕಂಡಿತ್ತು, ಆದರೆ ಆ ಕೋಶಗಳ ಒಟ್ಟು ಸಂಖ್ಯೆ ಅಷ್ಟೇನೂ ಬದಲಾಗಿರಲಿಲ್ಲ. ಹೋಲಿಸಿ ನೋಡಲು ಧ್ಯಾನ ಮಾಡದವರ ಗುಂಪೂ ಇರಲಿಲ್ಲ. ಅದರಿಂದ ಗಡ್ಡೆ ಕರಗುತ್ತದೆ ಅನ್ನುವುದು ಬಹಳ ದೂರದ ಮಾತು. ಆತಂಕ, ಖಿನ್ನತೆಗೆ ಮಾತ್ರ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ 2023ರಲ್ಲಿ ಇದನ್ನು ಶಿಫಾರಸು ಮಾಡಿದೆ. ಇವರಿಗೆ ಬೇಕಿದ್ದದ್ದೂ ಅದೇ.

ಕಣ್ಣು ಮುಚ್ಚಿದರೆ ಅವರಿಗೆ ಆಪರೇಷನ್ ಕೋಣೆ ಬರುತ್ತಿತ್ತು. ಹಾಗಾಗಿ ಕಣ್ಣು ತೆರೆದೇ ಇರಲಿ, ಅರ್ಧ ಗಂಟೆ ಬೇಡ, ಹತ್ತು ನಿಮಿಷ ಸಾಕು ಎಂದೆ. ಸೂಜಿ ಚುಚ್ಚೀತೆಂದು ಹೊಲಿಗೆ ನಿಲ್ಲಿಸಿದ್ದರು. ಬೆಲ್ಟ್ ಕಳಚಿದ ಮೆಷಿನ್ನಿನ ಪೆಡಲ್ ಮೇಲೆ ಪಾದ ಇಟ್ಟು ನಿಧಾನಕ್ಕೆ ತುಳಿಯಲು ಹೇಳಿದೆ. ಹಿಮ್ಮಡಿ ಇಳಿಯುವುದು, ಬೆರಳು ಒತ್ತುವುದು, ಕಬ್ಬಿಣದ ತಣ್ಣಗಿನ ಮುಟ್ಟು, ಅಷ್ಟೇ ಗಮನ. ಮನಸ್ಸು ಓಡಿದರೆ ಬೈದುಕೊಳ್ಳದೆ ಪಾದಕ್ಕೆ ಮರಳುವುದು.

ಮುಂದಿನ ಸಲ ಮೈದುನರನ್ನೂ ಕರೆಸಿದೆ. ಅವರಿಗೂ ಭಯವೇ. ಅತ್ತಿಗೆಗೆ ಏನಾದರೂ ಮಾಡಬೇಕು, ಏನೆಂದು ಗೊತ್ತಿಲ್ಲ. ಥರ್ಮಾಮೀಟರ್ ತರುವುದು, ರಾತ್ರಿ ಜ್ವರ ಬಂದರೆ ಗಾಡಿ ತೆಗೆಯುವುದು ಅವರ ಪಾಲಿಗೆ ಬಂತು. ಥರ್ಮಾಮೀಟರ್ ಈಗ ಮೆಷಿನ್ನಿನ ಡ್ರಾಯರ್‌ನಲ್ಲಿ, ಬಾಬಿನ್‌ಗಳ ಪಕ್ಕದಲ್ಲಿದೆಯಂತೆ.