ತಾಲ್ಲೂಕು ಕಚೇರಿಯ ಆರ್‌ಟಿಐ (ಮಾಹಿತಿ ಹಕ್ಕು) ಶಾಖೆಯಲ್ಲಿ ಕೆಲಸ ಹೇಗಿರುತ್ತದೆ?

ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರಾಗಿ ಹೊಸದಾಗಿ ಸೇರಿದ್ದೀರಿ. ತಾಲ್ಲೂಕು ಕಚೇರಿಯಲ್ಲಿ ಆರ್‌ಟಿಐ ಶಾಖೆ, ರೆಕಾರ್ಡ್ ರೂಮ್ ಎರಡನ್ನೂ ನಿಮಗೇ ವಹಿಸಿದ್ದಾರೆ. "ಅಲ್ಲಿ ಕೂತರೆ ದಂಡ ಗ್ಯಾರಂಟಿ, ಹೇಗಾದರೂ ಬೇರೆ ಶಾಖೆಗೆ ಹಾಕಿಸಿಕೋ" ಅಂತ ಜೊತೆಯವರು ಹೆದರಿಸಿದ್ದಾರೆ. ಒಪ್ಪಿಕೊಳ್ಳಲೋ ಬೇಡವೋ ಅಂತ ಕೇಳಿದ್ದೀರಿ.

ಒಪ್ಪಿಕೊಳ್ಳಿ. ನಾನು ಇದೇ ಕೆಲಸವನ್ನು ಮೊದಲು ವಿಷಯ ನಿರ್ವಾಹಕನಾಗಿ ಮಾಡಿದೆ. ಆಮೇಲೆ ಶಿರಸ್ತೇದಾರನಾಗಿ, ಮಾಹಿತಿ ಅಧಿಕಾರಿ ಅಂತ ಸಹಿ ಹಾಕುವ ಕುರ್ಚಿಯಲ್ಲಿ ಕೂತು ಮಾಡಿದೆ. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ, ಹಳೇ ಮೈಸೂರು ಕಡೆ ಅಂದುಕೊಳ್ಳಿ. ನನ್ನ ಸರ್ವಿಸಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಕೆಲಸ ಇದೇ.

ಎಲ್ಲರೂ ಹೆದರುವುದು ಕಾನೂನಿಗೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇರುವುದೇ 31 ಕಲಂ. ಒಂದು ವಾರ ಸಂಜೆ ಹೊತ್ತು ಕೂತು ಓದಿದರೆ ಕಚೇರಿಗೆ ಬೇಕಾದಷ್ಟು ತಲೆಗೆ ಹತ್ತುತ್ತದೆ. ಅರ್ಜಿ ಬಂದ 30 ದಿನದೊಳಗೆ ಉತ್ತರ. ಯಾರದಾದರೂ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾಗಿದ್ದರೆ 48 ಗಂಟೆ. ನಮ್ಮ ಕಚೇರಿಗೆ ಸಂಬಂಧಪಡದ ಅರ್ಜಿಯಾದರೆ 5 ದಿನದಲ್ಲಿ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು. ನಮ್ಮ ರಾಜ್ಯದಲ್ಲಿ ಅರ್ಜಿಗೆ 10 ರೂಪಾಯಿ, ನಕಲು ಪುಟಕ್ಕೆ 2 ರೂಪಾಯಿ. 30 ದಿನ ದಾಟಿದರೆ ಎಷ್ಟೇ ಪುಟವಿರಲಿ ಪುಕ್ಕಟೆ ಕೊಡಬೇಕು. ಇದೆಲ್ಲ ಬಾಯಿಪಾಠವಾಗಿಬಿಡುತ್ತದೆ. ಕಷ್ಟ ಇರುವುದು ಕಾಗದ ಹುಡುಕುವುದರಲ್ಲಿ. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಕಲಿಸಿದವರು ಒಬ್ಬ ಅಜ್ಜ.

ಸೇರಿ ಆರೇಳು ತಿಂಗಳಾಗಿತ್ತು. ಒಬ್ಬರು ತಮ್ಮ ತಂದೆಗೆ ಮಂಜೂರಾದ ಎರಡು ಎಕರೆ ಜಮೀನಿನ ದರಖಾಸ್ತು ಕಡತದ, ಅಂದರೆ ಸರ್ಕಾರಿ ಜಮೀನು ಕೋರಿದ ಅರ್ಜಿಯ ಕಡತದ ನಕಲು ಕೇಳಿದ್ದರು. 1976-77ರದ್ದು. ಸಾಗುವಳಿ ಚೀಟಿ ಮನೆಯಲ್ಲಿ ಕಳೆದುಹೋಗಿತ್ತು, ಪಹಣಿಯಲ್ಲಿ ಹೆಸರಿತ್ತು, ಪೋಡಿ, ಅಂದರೆ ಅಳತೆ ಮಾಡಿ ಜಮೀನು ಬೇರ್ಪಡಿಸುವುದು ಆಗಿರಲಿಲ್ಲ. ಮೂಲ ಕಡತ ಸಿಗದೆ ಪೋಡಿ ಮುಂದಕ್ಕೆ ಹೋಗುವುದಿಲ್ಲ. ಆ ಹೋಬಳಿಯ ಆ ವರ್ಷದ ಕಡತಗಳ ಗಂಟು ಬಿಚ್ಚಿ ನೋಡಿದೆವು. ಇರಲಿಲ್ಲ. ಹಿಂದಿನವರು ಬರೆಯುತ್ತಿದ್ದ ಹಾಗೆಯೇ ನಾನೂ "ಕೋರಿರುವ ಕಡತವು ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ" ಅಂತ ಎರಡು ಸಾಲಿನ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟು ಕಳಿಸಿದೆ.

ಹತ್ತು ದಿನ ಬಿಟ್ಟು ಅಜ್ಜ ಬಂದರು. ಹಿಂಬರಹವನ್ನು ನಾಲ್ಕಾಗಿ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿ, "ಇಲ್ಲ ಅಂತ ಬರೆದಿದ್ದೀರಂತೆ ಸ್ವಾಮಿ. ಎಲ್ಲೆಲ್ಲಿ ನೋಡಿದಿರಿ?" ಅಂದರು. ಜಗಳಕ್ಕೆ ಬಂದವರಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದರು. ಒಂದೇ ಗಂಟು ನೋಡಿದ್ದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರ ಬನ್ನಿ ಅಂದೆ.

ಆಮೇಲೆ ಹುಡುಕಿದ ರೀತಿ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ. ಮೊದಲು ದರಖಾಸ್ತು ವಹಿ ತೆಗೆದೆ. ಅದರಲ್ಲಿ ಎಲ್‌ಎನ್‌ಡಿ ನಂಬರ್, ಅಂದರೆ ಜಮೀನು ಕಡತದ ಸಂಖ್ಯೆ ಸಿಕ್ಕಿತು. ಎದುರಿನ ಕಾಲಂನಲ್ಲಿ ಕಡತ ಮುಕ್ತಾಯವಾದ ದಿನಾಂಕ 1979ರದ್ದು. ಅಲ್ಲಿಗೆ ಒಂದು ಗೋಜಲು ಬಿಡಿಸಿಕೊಂಡಿತು. ನಮ್ಮಲ್ಲಿ ಕಡತ ಕಟ್ಟಿಡುತ್ತಿದ್ದದ್ದು ಶುರುವಾದ ವರ್ಷದ ಲೆಕ್ಕದಲ್ಲಿ ಅಲ್ಲ, ಮುಗಿದ ವರ್ಷದ ಲೆಕ್ಕದಲ್ಲಿ. ನಾನು ಮೂರು ವರ್ಷ ಹಿಂದಿನ ಗಂಟು ನೋಡಿದ್ದೆ. ಸರಿಯಾದ ವರ್ಷದ ಗಂಟಿನಲ್ಲೂ ಸಿಗಲಿಲ್ಲ. ಆಗ ನಮ್ಮ ದಲಾಯತ್ (ಕಚೇರಿಯ ಜವಾನ) ಒಬ್ಬರು, ಮೂವತ್ತು ವರ್ಷ ಅದೇ ಕೋಣೆಯಲ್ಲಿ ಕಳೆದವರು, "ಸಾರ್, ಆ ಊರು ಆಗ ಕಸಬಾ ಹೋಬಳಿಗೆ ಸೇರಿತ್ತಲ್ವಾ?" ಅಂದರು. ಹೋಬಳಿ ಬದಲಾಗಿದ್ದು ನನಗೆ ಗೊತ್ತೇ ಇರಲಿಲ್ಲ.

ಮೂರು ಮಧ್ಯಾಹ್ನ ಕಸಬಾ ಹೋಬಳಿಯ ಕೆಂಪು ಬಟ್ಟೆ ಗಂಟುಗಳನ್ನು ಒಂದೊಂದಾಗಿ ಇಳಿಸಿದೆವು. ನುಸಿಗುಳಿಗೆ ವಾಸನೆ, ಮುಟ್ಟಿದರೆ ಪುಡಿಯಾಗುವ ಅಂಚುಗಳು. ಕೊನೆಗೆ ಸಿಕ್ಕಿತು. ಮೇಲಿನ ರಟ್ಟು ಕಿತ್ತುಹೋಗಿ ಪಕ್ಕದ ಊರಿನ ಇನ್ನೊಂದು ಕಡತದ ಬೆನ್ನಿಗೆ ಅಂಟಿಕೊಂಡಿತ್ತು. ಹದಿನಾಲ್ಕು ಹಾಳೆ. ಅರ್ಜಿ, ಶಾನುಭೋಗರ ಕಾಲದ ಕೈಬರಹದಲ್ಲಿದ್ದ ಗ್ರಾಮ ಲೆಕ್ಕಿಗರ ವರದಿ, ಮಹಜರು, ಕೈಯಲ್ಲೇ ಬರೆದ ನಕ್ಷೆ, ಮಂಜೂರಾತಿ ಆದೇಶ. ಮಹಜರಿನ ಕೆಳಗೆ ಅಜ್ಜನ ತಂದೆಯ ಹೆಬ್ಬೆಟ್ಟು. ನೀಲಿ ಶಾಯಿ ಮಾಸಿ ನೇರಳೆಗೆ ತಿರುಗಿತ್ತು, ಗೆರೆಗಳು ಮಾತ್ರ ಒಂದೂ ಅಳಿಸಿರಲಿಲ್ಲ. ನಕಲು ತೆಗೆದುಕೊಳ್ಳಲು ಬಂದಾಗ ಅಜ್ಜ ಮಂಜೂರಾತಿ ಆದೇಶ ಪಕ್ಕಕ್ಕಿಟ್ಟು ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ಸುಮ್ನೆ ನಿಂತರು. ನಕಲಿಗೆ 28 ರೂಪಾಯಿ ಆಗುತ್ತಿತ್ತು. 30 ದಿನ ಮೀರಿತ್ತಲ್ಲ, ತೆಗೆದುಕೊಳ್ಳಲಿಲ್ಲ.

ಅಂದಿನಿಂದ ನಾನು "ಲಭ್ಯವಿಲ್ಲ" ಅಂತ ಬರೆಯಬೇಕಾದಾಗ ಯಾವ ವಹಿ ನೋಡಿದೆ, ಯಾವ ಯಾವ ವರ್ಷದ ಗಂಟು ಬಿಚ್ಚಿದೆ, ಯಾವ ಶಾಖೆಗೆ ಪತ್ರ ಬರೆದೆ ಅಂತ ಹಿಂಬರಹದಲ್ಲೇ ಬರೆಯುತ್ತೇನೆ. ನೀವೂ ಹಾಗೇ ಮಾಡಿ. ಕಡತ ಕಳೆದಿದೆ ಅನ್ನುವುದು ಕಾಯ್ದೆಯಲ್ಲಿ ಮಾಹಿತಿ ನಿರಾಕರಿಸಲು ಕೊಟ್ಟಿರುವ ಕಾರಣಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಚೆನ್ನಾಗಿ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ಮಾಡಿ ಹೊಣೆ ಯಾರದು ಅಂತ ಗೊತ್ತುಮಾಡಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ.

ಈಗ ದಂಡದ ವಿಷಯ. ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅದು ಅಧಿಕಾರಿಯ ಸ್ವಂತ ಸಂಬಳದಿಂದ ಹೋಗುತ್ತದೆ, ನಿಜ. ಆದರೆ ಸಕಾರಣ ಇಲ್ಲದೆ ತಡ ಮಾಡಿದರೆ, ದುರುದ್ದೇಶದಿಂದ ನಿರಾಕರಿಸಿದರೆ, ಗೊತ್ತಿದ್ದೂ ತಪ್ಪು ಮಾಹಿತಿ ಕೊಟ್ಟರೆ, ಇಂಥದ್ದಕ್ಕೆ ಮಾತ್ರ. ಹಾಕುವ ಮೊದಲು ಮಾಹಿತಿ ಆಯೋಗ ನಮ್ಮ ಮಾತು ಕೇಳಬೇಕು. ಸಕಾರಣ ಇತ್ತು ಅಂತ ತೋರಿಸುವ ಭಾರ ಮಾತ್ರ ನಮ್ಮದೇ. ಹಾಗಾಗಿ ಟಿಪ್ಪಣಿ ಹಾಳೆ ನಿಮ್ಮ ರಕ್ಷಣೆ. ಇಂಥ ದಿನ ಅರ್ಜಿ ಬಂತು, ಇಂಥ ದಿನ ಭೂಮಿ ಶಾಖೆಗೆ ಕಡತ ಕೇಳಿ ಬರೆದೆ, ಇಂಥ ದಿನ ಜ್ಞಾಪನ ಕೊಟ್ಟೆ, ಎಲ್ಲಾ ಬರೆದಿಡಿ. ಬಾಯಿಮಾತಿನಲ್ಲಿ ಕೇಳಬೇಡಿ. ಕಲಂ 5ರ ಪ್ರಕಾರ ನೀವು ಲಿಖಿತವಾಗಿ ನೆರವು ಕೇಳಿದ ಅಧಿಕಾರಿಯೂ ಮಾಹಿತಿ ಅಧಿಕಾರಿಯಷ್ಟೇ ಹೊಣೆಗಾರ. ಕಡತ ತನ್ನ ಬೀರುವಿನಲ್ಲಿಟ್ಟುಕೊಂಡು ಕೊಡದವರಿಗೆ ಈ ಕಲಂ ತೋರಿಸಿ ಪತ್ರ ಬರೆದರೆ ಸಾಮಾನ್ಯವಾಗಿ ಮಾರನೇ ದಿನವೇ ಕಡತ ಬರುತ್ತದೆ. ನಾನು ಎರಡು ಸಲ ಆಯೋಗದ ಕಚೇರಿಯಾದ ಬೆಂಗಳೂರಿನ ಮಾಹಿತಿ ಸೌಧಕ್ಕೆ ವಿಚಾರಣೆಗೆ ಹೋಗಿದ್ದೇನೆ. ಎರಡೂ ಸಲ ಆಯುಕ್ತರು ಮೊದಲು ಕೇಳಿದ್ದು ಟಿಪ್ಪಣಿ ಹಾಳೆಯನ್ನೇ. ದಂಡ ಬೀಳಲಿಲ್ಲ.

ಅರ್ಜಿದಾರರನ್ನು "ಯಾಕೆ ಬೇಕು?" ಅಂತ ಎಂದೂ ಕೇಳಬೇಡಿ. ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿಲ್ಲ. "ಯಾವ ಕಾಗದ ಬೇಕು?" ಅಂತ ಕೇಳಿ. ಹಳ್ಳಿಯಿಂದ ಬರುವ ಎಷ್ಟೋ ಜನಕ್ಕೆ ತಮಗೆ ಬೇಕಾದ್ದು ಮ್ಯುಟೇಷನ್ನೋ, ಆಕಾರಬಂದೋ, ಸರ್ವೆ ಅಳತೆಯ ಟಿಪ್ಪಣಿ ನಕಲೋ ಗೊತ್ತಿರುವುದಿಲ್ಲ. ಬಾಯಲ್ಲಿ ಹೇಳಿದವರಿಗೆ ಅರ್ಜಿ ಬರೆಯಲು ಸಹಾಯ ಮಾಡುವುದೂ ನಮ್ಮ ಕೆಲಸ ಅಂತ ಕಾಯ್ದೆಯೇ ಹೇಳುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ 2008ರಿಂದ ಒಂದು ಅರ್ಜಿ ಒಂದೇ ವಿಷಯಕ್ಕೆ, ಸಾಮಾನ್ಯವಾಗಿ 150 ಪದ ಮೀರದಂತೆ ಇರಬೇಕು ಅಂತಿದೆ. ಪದ ಎಣಿಸಿ ಅರ್ಜಿ ವಾಪಸ್ ಕಳಿಸುವವರನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. "ಸಾಮಾನ್ಯವಾಗಿ" ಅನ್ನುವ ಪದ ಅಲ್ಲಿ ಸುಮ್ನೆ ಹಾಕಿಲ್ಲ.

ಹತ್ತು ವರ್ಷದ ಎಲ್ಲಾ ಕಡತ ಕೊಡಿ ಅಂತ ಕೇಳುವವರೂ ಇರುತ್ತಾರೆ. ಅವರನ್ನು ಕಡತ ಪರಿಶೀಲನೆಗೆ ಕರೆಯಿರಿ. ಎದುರಿಗೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಕಡತ ಕೈಗೆ ಕೊಡಿ. ಬೇಕಾದ ಪುಟಕ್ಕೆ ಅವರೇ ಚೀಟಿ ಇಟ್ಟುಕೊಡುತ್ತಾರೆ. ಎರಡು ಸಾವಿರ ಪುಟ ಕೇಳಿದ್ದ ಒಬ್ಬರು ಕೊನೆಗೆ ಒಂಬತ್ತು ಪುಟ ತೆಗೆದುಕೊಂಡು ಹೋದರು. ಕಚೇರಿ ಏನೋ ಮುಚ್ಚಿಡುತ್ತಿದೆ ಅನ್ನುವ ಅನುಮಾನವೂ ಅಲ್ಲೇ ಕರಗಿತು.

ಕೊಡಬಾರದ್ದನ್ನು ಕೊಡದಿರುವುದೂ ಅಷ್ಟೇ ಮುಖ್ಯ. ಒಂದು ಕಡತದಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಇರುತ್ತದೆ. ಅದಕ್ಕಾಗಿ ಇಡೀ ಕಡತ ನಿರಾಕರಿಸಬೇಡಿ. ಕಲಂ 10ರಲ್ಲಿ ಆ ಭಾಗ ಮಾತ್ರ ತೆಗೆದು ಉಳಿದದ್ದನ್ನು ಕೊಡಬಹುದು. ಒಂದು ಸಣ್ಣ ವಿಷಯ, ಆದರೆ ಎಲ್ಲರೂ ತಪ್ಪು ಮಾಡುವುದು ಇಲ್ಲೇ. ನಕಲಿನ ಮೇಲೆ ಕಪ್ಪು ಮಾರ್ಕರ್ ಎಳೆದು ಹಾಗೇ ಕೊಡುತ್ತಾರೆ. ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದರೆ ಅಂಕಿಗಳೆಲ್ಲ ಕಾಣುತ್ತವೆ. ಮಾರ್ಕರ್ ಎಳೆದ ಹಾಳೆಯನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ ಆ ಎರಡನೇ ನಕಲು ಕೊಡಿ. ಇಲ್ಲವಾದರೆ ಬಿಳಿ ಕಾಗದದ ಪಟ್ಟಿ ಮುಚ್ಚಿ ಜೆರಾಕ್ಸ್ ತೆಗೆಯಿರಿ. ಮೂಲ ಹಾಳೆಯ ಮೇಲೆ ಮಾತ್ರ ಪೆನ್ನು ಸೋಕಿಸಬೇಡಿ.

ವೈಯಕ್ತಿಕ ಮಾಹಿತಿಯ ವಿಷಯದಲ್ಲಿ ಈಗ ಹೆಚ್ಚು ಯೋಚಿಸಬೇಕು. ಮೊದಲು ಇದಕ್ಕೆ ಸಂಬಂಧಿಸಿದ ಕಲಂ 8(1)(ಜೆ) ಉದ್ದವಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ ಅಥವಾ ಅನಗತ್ಯವಾಗಿ ಒಬ್ಬರ ಖಾಸಗಿತನಕ್ಕೆ ಕೈ ಹಾಕುವ ಮಾಹಿತಿಗೆ ಮಾತ್ರ ತಡೆ ಇತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಯಾರಿಗೂ ನಿರಾಕರಿಸುವಂತಿಲ್ಲ ಅನ್ನುವ ಮಾತೂ ಅದರಲ್ಲಿತ್ತು. 2023ರ ಡೇಟಾ ರಕ್ಷಣೆ ಕಾಯ್ದೆಯ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಅದು "ವೈಯಕ್ತಿಕ ಮಾಹಿತಿ" ಅನ್ನುವ ಒಂದೇ ಮಾತಿಗೆ ಇಳಿದಿದೆ. ನನಗೆ ಇದರಿಂದ ತುಂಬಾ ಬೇಸರವಾಗಿದೆ. ಫಲಾನುಭವಿಗಳ ಪಟ್ಟಿ ಕೇಳಿದರೂ "ಹೆಸರಿದೆ, ವೈಯಕ್ತಿಕ" ಅಂತ ಬರೆದು ಕೈ ತೊಳೆದುಕೊಳ್ಳುವುದು ಸುಲಭವಾಗಿಬಿಟ್ಟಿದೆ. ಆದರೆ ಕಲಂ 8(2) ಹಾಗೇ ಇದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು. ನೀವು ಟಿಪ್ಪಣಿ ಮಂಡಿಸುವಾಗ ಈ ಕಲಂ ಬಗ್ಗೆ ಒಂದು ಸಾಲಾದರೂ ಬರೆಯಿರಿ. ನಿರಾಕರಿಸಿದರೆ ಯಾವ ಕಲಂ, ಯಾಕೆ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಅನ್ನುವುದು ಹಿಂಬರಹದಲ್ಲಿ ಇರಲೇಬೇಕು.

2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಾಳೆಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದಾರೆ. ನಿಮ್ಮಲ್ಲಿ ಇನ್ನೂ ನಡೆಯುತ್ತಿದ್ದರೆ ಪಕ್ಕದಲ್ಲೇ ನಿಂತು ನೋಡಿ. ಹಾಳೆ ಎಣಿಕೆ, ಊರು, ಸರ್ವೆ ನಂಬರ್ ತಾಳೆ ಮಾಡಿ. 48 ಅನ್ನುವಲ್ಲಿ 84 ಅಂತ ಬಿದ್ದ ಕಡತವನ್ನು ಆಮೇಲೆ ಹುಡುಕುವುದು ಗಂಟಿನಲ್ಲಿ ಹುಡುಕುವುದಕ್ಕಿಂತ ಕಷ್ಟ. ಗಂಟಿನಲ್ಲಾದರೆ ಅಕ್ಕಪಕ್ಕ ಕೈ ಆಡಿಸಬಹುದು. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಅನ್ನುವುದೇ ಇಲ್ಲ.

ಸೇರಿದ ದಿನವೇ ಪ್ರಭಾರ ಪಟ್ಟಿ ಕೇಳಿ ತೆಗೆದುಕೊಳ್ಳಿ. ನನಗೆ ಹಿಂದಿನವರು ಬರೀ ಬೀಗದ ಕೈ ಕೊಟ್ಟು ಹೋಗಿದ್ದರು. ಯಾವ ಕಡತ ಕೋರ್ಟಿಗೆ ಹೋಗಿದೆ, ಯಾವುದು ಉಪವಿಭಾಗಾಧಿಕಾರಿ ಕಚೇರಿಯಲ್ಲಿದೆ ಅಂತ ಪತ್ತೆ ಮಾಡಲು ಒಂದು ವರ್ಷ ಹಿಡಿಯಿತು. ಇನ್ನು ಮುಂದೆ ಕಡತ ಹೊರಗೆ ಹೋದಾಗಲೆಲ್ಲ ಅದರ ಜಾಗದಲ್ಲಿ ಒಂದು ರಟ್ಟಿನ ಚೀಟಿ ಇಡಿ. ಯಾರು, ಯಾವಾಗ, ಯಾಕೆ ತೆಗೆದುಕೊಂಡರು ಅಂತ ಬರೆದು ಸಹಿ ಹಾಕಿಸಿ. ತಹಶೀಲ್ದಾರರೇ ಕೇಳಿದ್ದರೂ ಚೀಟಿ ಇರಲಿ.

ಹಾಗೇ ನಿಮ್ಮ ಕಚೇರಿಯಲ್ಲೂ ನಾನು ಹೇಳಿದಂಥ ಹಳೇ ದಲಾಯತ್ ಒಬ್ಬರು ಇದ್ದೇ ಇರುತ್ತಾರೆ. ಅವರು ನಿವೃತ್ತರಾಗಲು ಎಷ್ಟು ತಿಂಗಳಿದೆ ಕೇಳಿ. ಸಂಜೆ ಜನ ಕಡಿಮೆಯಾದ ಮೇಲೆ ಅವರ ಜೊತೆ ಒಂದೊಂದು ರ‍್ಯಾಕ್ ಸುತ್ತಿ, ಯಾವ ಊರು ಯಾವಾಗ ಯಾವ ಹೋಬಳಿಯಲ್ಲಿತ್ತು, ಯಾವ ವರ್ಷದ ಗಂಟು ಮಳೆಗೆ ನೆನೆದು ಎಲ್ಲಿಗೆ ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಮ್ಮವರು ಹೇಳಿದ್ದು 96 ಪುಟ ಆಗಿತ್ತು. ವರ್ಗವಾಗಿ ಬರುವಾಗ ಅದನ್ನು ಅಲ್ಲೇ, ದರಖಾಸ್ತು ವಹಿಗಳ ಪಕ್ಕದಲ್ಲಿ ಇಟ್ಟು ಬಂದೆ. ಈಗಲೂ ಅಲ್ಲಿನವರು ಫೋನ್ ಮಾಡಿ, ಇಂಥ ಪುಟದಲ್ಲಿ ಅಕ್ಷರ ಓದಲು ಬರುತ್ತಿಲ್ಲ, ಏನದು ಅಂತ ಕೇಳುತ್ತಿರುತ್ತಾರೆ.