ಎರಡನೇ ಮಗು ಬೇಡ ಎನ್ನುವ ಸೊಸೆ

ಅಮ್ಮಾ, ಮುಂಬಯಿ ಪಕ್ಕದ ಠಾಣೆ ಊರಿನ ಬ್ಯಾಂಕಿನಲ್ಲಿ ದುಡಿಯುವ ನಿಮ್ಮ ಸೊಸೆ ‘ಒಂದೇ ಮಗು ಸಾಕು’ ಎನ್ನುತ್ತಿದ್ದಾರೆ, ಕೆಲಸವೇ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ.

ಅರ್ಧ ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ 1.8. ಓದಿದಷ್ಟೂ ಮದುವೆ ಮುಂದಕ್ಕೆ ಹೋಗುತ್ತದೆ, ಬೇಡ ಎನ್ನುವ ಧೈರ್ಯವೂ ಬರುತ್ತದೆ. ಆದರೆ ಮಹಾರಾಷ್ಟ್ರದ ಸರಾಸರಿಯೇ 1.7. ಸಂಬಳ ತರದ ಲಕ್ಷಾಂತರ ಗೃಹಿಣಿಯರೂ ಆ ಲೆಕ್ಕದಲ್ಲಿದ್ದಾರೆ. ನೌಕರಿಯೊಂದನ್ನೇ ದೂರುವಂತಿಲ್ಲ.

ಸಂಜೆಯ ಲೋಕಲ್ ರೈಲಿನ ಮಹಿಳಾ ಡಬ್ಬಿಯನ್ನು ನೋಡಿದ್ದೀರಲ್ಲ? ಕುರ್ಲಾ ದಾಟುವಷ್ಟರಲ್ಲಿ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚಿ ಮೆಂತ್ಯ ಸೊಪ್ಪು ಬಿಡಿಸುತ್ತಾರೆ, ಬಟಾಣಿ ಸುಲಿಯುತ್ತಾರೆ. ಗಾಡಿ ತಡವಾದರೆ ಮಗುವನ್ನು ಬಿಟ್ಟು ಬಂದ ಪಾಳಣಾಘರದ ಹೆಂಗಸಿಗೆ ಫೋನ್ ಮಾಡಿ ಗೋಗರೆಯುತ್ತಾರೆ. ಪಕ್ಕದ ಗಂಡಸರ ಡಬ್ಬಿಯಲ್ಲಿ ಇಸ್ಪೀಟು! ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಎರಡು ಮಕ್ಕಳವರೆಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಕೊಟ್ಟಿದೆ, ಒಳ್ಳೆಯದೇ. ರಜೆ ಮುಗಿದ ಮೇಲಿನ ವರ್ಷಗಳನ್ನು ಯಾರು ನೋಡಿಕೊಳ್ಳಬೇಕು? ದಕ್ಷಿಣ ಕೊರಿಯಾದ ಹುಡುಗಿಯರು ಚೆನ್ನಾಗಿ ಓದಿದರು, ಮನೆಗೆಲಸ ಮಾತ್ರ ಬಹುಪಾಲು ಅವರ ತಲೆಯ ಮೇಲೆಯೇ ಉಳಿಯಿತು. 2023ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 0.72ಕ್ಕೆ ಇಳಿಯಿತು. ಮನೆ, ಶಾಲೆಗಳ ದುಬಾರಿ ಖರ್ಚೂ ಸೇರಿತ್ತೆನ್ನಿ.

ಸೊಸೆಯ ಸಂಬಳ, ವಯಸ್ಸು ಎಲ್ಲವನ್ನೂ ಬರೆದಿದ್ದೀರಿ. ನಿಮ್ಮ ಮಗ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಬಂದು ಏನು ಮಾಡುತ್ತಾರೆ ಎಂಬುದನ್ನು ಬರೆಯಲಿಲ್ಲ.